ಬೆಂಕಿಕಡ್ಡಿಯ ಗಿಫ್ಟ್

ಮಗುವಿಗೆ ಗಿಫ್ಟ್ ಅಂದ್ರೆ ನಾವು ಮೊದಲು ಫೋನ್‌ನಲ್ಲಿ ರೇಟ್ ನೋಡ್ತೀವಿ, ಅಲ್ವಾ? 1978ರಲ್ಲಿ, ಕಾನ್ಪುರ ಐಐಟಿಯಲ್ಲಿ ಓದಿದ್ದ ಅರವಿಂದ ಗುಪ್ತಾ ಕಂಪನಿ ಕೆಲಸಕ್ಕೆ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದ್‌ಗೆ ಹೋದ್ರು. ಅಲ್ಲಿ ಹಳ್ಳಿ ಮಕ್ಕಳಿಗೆ ಪ್ರಯೋಗದ ಮೂಲಕ ವಿಜ್ಞಾನ ಕಲಿಸುವ ಕೆಲಸ ನಡೀತಿತ್ತು. ದುಬಾರಿ ಲ್ಯಾಬ್ ಎಲ್ಲಿಂದ ಬರಬೇಕು? ಅವರು ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್ ಹಿಡಿದು ಕೂತರು.

ಟ್ಯೂಬ್‌ನ ಸಣ್ಣ ತುಂಡೇ ಕೀಲು. ನಾಲ್ಕು ಕಡ್ಡಿ ಸೇರಿಸಿದ್ರೆ ಚೌಕ, ಒತ್ತಿದ್ರೆ ವಾಲುತ್ತೆ. ಮೂರು ಸೇರಿಸಿದ್ರೆ ತ್ರಿಕೋನ, ಒತ್ತಿದ್ರೂ ಜಗ್ಗಲ್ಲ. ಕಬ್ಬಿಣದ ಸೇತುವೆಯಲ್ಲಿ ತ್ರಿಕೋನ ಯಾಕಿರುತ್ತೆ ಅನ್ನೋದು ಮಗುವಿಗೆ ಬೆರಳಲ್ಲೇ ಗೊತ್ತಾಗುತ್ತೆ.

2018ರಲ್ಲಿ ಗುಪ್ತಾ ಅವರಿಗೆ ಪದ್ಮಶ್ರೀ ಬಂತು. ನನಗೆ ದೊಡ್ಡದು ಅನ್ಸೋದು ಇದು: ಈ ಆಟಿಕೆ ಮುರಿದ್ರೆ ಯಾರೂ ಬೈಯಲ್ಲ. ಆ ಭಯ ಇಲ್ಲದ ಮಗು ಬಿಚ್ಚಿ ನೋಡುತ್ತೆ, ಮತ್ತೆ ಕಟ್ಟುತ್ತೆ. ಈ ಭಾನುವಾರ ಕಡ್ಡಿ ತುದಿಯ ಮದ್ದು ಕೆರೆದು ತೆಗೆದು, ಮಕ್ಕಳ ಜೊತೆ ಕೂತ್ಕೊಳ್ಳಿ.