ಭಾವವರ್ಗಾವಣೆ: ಮನೋಚಿಕಿತ್ಸೆಯಲ್ಲಿ ಪ್ರೀತಿ ಮತ್ತು ನಂಟಿನ ಚರಿತ್ರೆ

ಮನೋಚಿಕಿತ್ಸೆ ಪಡೆಯುವವರಲ್ಲಿ ತಮ್ಮ ಚಿಕಿತ್ಸಕರ ಬಗ್ಗೆ ಹುಟ್ಟುವ ಪ್ರೀತಿ, ಮೋಹ, ಅವಲಂಬನೆಗಳನ್ನು ಮನೋವಿಜ್ಞಾನ ಭಾವವರ್ಗಾವಣೆ ಎಂದು ಗುರುತಿಸುತ್ತದೆ. ಬಾಲ್ಯದಲ್ಲಿ ತಂದೆತಾಯಿಯಂಥ ಹತ್ತಿರದವರ ಮೇಲೆ ಬೆಳೆದ ಭಾವನೆಗಳು, ಈಗ ಎದುರು ಕುಳಿತು ಕಿವಿಗೊಡುವ ವ್ಯಕ್ತಿಯತ್ತ ಹರಿಯುತ್ತವೆ ಎಂಬುದು ಇದರ ತಿರುಳು. ಚಿಕಿತ್ಸಕರಲ್ಲಿ ಮೂಡುವ ಭಾವನೆಗಳಿಗೆ ಪ್ರತಿವರ್ಗಾವಣೆ ಎಂದು ಹೆಸರು. ಮೊದಲು ಮುಜುಗರವೆಂದು ಕಂಡ ಈ ಭಾವನೆ ಬೇಗನೆ ಚಿಕಿತ್ಸೆಯ ಸಾಧನವಾಯಿತು. ಆದರೆ ಅದರ ಎಲ್ಲೆ ಕಾಯುವ ಹೊಣೆ ಪೂರ್ತಿಯಾಗಿ ಚಿಕಿತ್ಸಕರದು ಎಂಬುದು ಲಿಖಿತ ನಿಯಮವಾಗಲು ಸುಮಾರು ನೂರು ವರ್ಷ ಹಿಡಿಯಿತು.

ವಿಯೆನ್ನಾದ ಆರಂಭ

ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ 1880ರ ಕೊನೆಯಲ್ಲಿ 21 ವರ್ಷದ ಬೆರ್ಥಾ ಪಾಪೆನ್‌ಹೈಮ್ ಅವರಿಗೆ ಚಿಕಿತ್ಸೆ ಆರಂಭಿಸಿದರು. ಕಾಯಿಲೆ ಬಿದ್ದ ತಂದೆಯ ಆರೈಕೆ ಮಾಡುತ್ತಲೇ ಹಾಸಿಗೆ ಹಿಡಿದಿದ್ದ ಆಕೆ ತಾಯ್ನುಡಿಯಾದ ಜರ್ಮನ್ ಬಿಟ್ಟು ಇಂಗ್ಲಿಷ್‌ನಲ್ಲಿ ಮಾತ್ರ ಮಾತಾಡುವ ಸ್ಥಿತಿಗೂ ಹೋಗಿದ್ದರು. ತಂದೆ ತೀರಿಕೊಂಡ ಮೇಲೆ ಕೆಲಕಾಲ ಆಕೆ ಗುರುತು ಹಿಡಿಯುತ್ತಿದ್ದುದು ಬ್ರಾಯರ್ ಅವರನ್ನು ಮಾತ್ರ. ಅವರು ತಿನ್ನಿಸಿದರಷ್ಟೇ ಊಟ. 1882ರ ಜೂನ್‌ನಲ್ಲಿ ಚಿಕಿತ್ಸೆ ಮುಗಿಯಿತು. 1895ರಲ್ಲಿ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ ಹಿಸ್ಟೀರಿಯಾ ಕುರಿತ ತಮ್ಮ ಗ್ರಂಥದಲ್ಲಿ ಈ ಪ್ರಕರಣವನ್ನು ‘ಅನ್ನಾ ಓ.’ ಎಂಬ ಹೆಸರಿನಲ್ಲಿ ಪ್ರಕಟಿಸಿದರು.

ಆಕೆ ಬ್ರಾಯರ್ ಅವರಿಂದ ಗರ್ಭಿಣಿಯಾದಂತೆ ಭ್ರಮಿಸಿದರು, ವೈದ್ಯರು ಗಾಬರಿಬಿದ್ದು ಕೈಬಿಟ್ಟರು ಎಂಬ ಕಥೆ ಬಹುಕಾಲ ಚಾಲ್ತಿಯಲ್ಲಿತ್ತು. ಅರ್ನೆಸ್ಟ್ ಜೋನ್ಸ್ 1953ರಲ್ಲಿ ಬರೆದ ಫ್ರಾಯ್ಡ್ ಜೀವನಚರಿತ್ರೆ ಅದನ್ನು ಎಲ್ಲೆಡೆ ಹಬ್ಬಿಸಿತು. ಇತಿಹಾಸಕಾರ ಹೆನ್ರಿ ಎಲೆನ್‌ಬರ್ಗರ್ 1972ರಲ್ಲಿ ಆಸ್ಪತ್ರೆಯ ದಾಖಲೆಗಳನ್ನು ಆಧರಿಸಿ ಈ ಕಥನವನ್ನು ಪ್ರಶ್ನಿಸಿದರು: ಬ್ರಾಯರ್ ಆಕೆಯನ್ನು ಸ್ವಿಟ್ಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗೆನ್‌ನ ಆರೋಗ್ಯಧಾಮಕ್ಕೆ ಸೇರಿಸಿ, ಅಲ್ಲಿಗೆ ವರದಿಯನ್ನೂ ಬರೆದುಕೊಟ್ಟಿದ್ದರು. ಪಾಪೆನ್‌ಹೈಮ್ ಮುಂದೆ ಸಮಾಜಸೇವೆಗೆ ಇಳಿದು, 1904ರಲ್ಲಿ ಜರ್ಮನಿಯ ಯೆಹೂದಿ ಮಹಿಳಾ ಒಕ್ಕೂಟವನ್ನು ಕಟ್ಟಿದರು. ಒಂದು ಪ್ರಕರಣದ ಹೆಸರಿನಡಿ ಅವರ ಇಡೀ ಬದುಕು ಮರೆಯಾಗಿದ್ದು ಅನ್ಯಾಯವೇ ಸರಿ.

ಪರಿಕಲ್ಪನೆಯ ಬೆಳವಣಿಗೆ

‘ಡೋರಾ’ ಎಂದು ಫ್ರಾಯ್ಡ್ ಹೆಸರಿಟ್ಟ ಯುವತಿ 1900ರ ಡಿಸೆಂಬರ್ 31ರಂದು ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಿ ಹೊರಟುಹೋದರು. ಆಕೆಯ ಭಾವನೆಗಳು ತಮ್ಮತ್ತ ವರ್ಗವಾಗುತ್ತಿರುವುದನ್ನು ಸಕಾಲದಲ್ಲಿ ಗ್ರಹಿಸಲಿಲ್ಲವೆಂದು ಫ್ರಾಯ್ಡ್ 1905ರ ವರದಿಯಲ್ಲಿ ಒಪ್ಪಿಕೊಂಡರು. ಅಲ್ಲಿಂದ ಭಾವವರ್ಗಾವಣೆ ಮನೋವಿಶ್ಲೇಷಣೆಯ ಮುಖ್ಯ ವಿಷಯವಾಯಿತು.

ರಷ್ಯಾದ ರೊಸ್ತೋವ್ ನಗರದ ಸಬೀನಾ ಶ್ಪೀಲ್‌ರೈನ್ 1904ರಲ್ಲಿ ಝೂರಿಕ್‌ನ ಬುರ್ಗ್‌ಹೋಲ್ಟ್ಸ್‌ಲಿ ಆಸ್ಪತ್ರೆ ಸೇರಿದಾಗ, ಆಕೆಯ ವೈದ್ಯರು ಕಾರ್ಲ್ ಯೂಂಗ್. ಚಿಕಿತ್ಸೆಯ ಸಂಬಂಧ ಮುಂದೆ ಪ್ರೇಮಕ್ಕೆ ತಿರುಗಿತು. ಸುದ್ದಿ ಹಬ್ಬಿ ಯೂಂಗ್ ಇಕ್ಕಟ್ಟಿಗೆ ಸಿಲುಕಿದಾಗ, ಫ್ರಾಯ್ಡ್ 1909ರ ಜೂನ್‌ನಲ್ಲಿ ಸಮಾಧಾನ ಹೇಳಿ ಪತ್ರ ಬರೆದರು. ಪ್ರತಿವರ್ಗಾವಣೆ ಎಂಬ ಪದ ಮೊದಲು ಕಾಣಿಸಿಕೊಂಡಿದ್ದು ಆ ಪತ್ರದಲ್ಲೇ. ಇಬ್ಬರು ವೈದ್ಯರ ಪತ್ರವ್ಯವಹಾರದಲ್ಲಿ ನೊಂದ ಯುವತಿಗೆ ಸಿಕ್ಕ ಸಹಾನುಭೂತಿ ಕಡಿಮೆ. ಶ್ಪೀಲ್‌ರೈನ್ 1911ರಲ್ಲಿ ವೈದ್ಯ ಪದವಿ ಪಡೆದು, ಸ್ವತಃ ಮನೋವಿಶ್ಲೇಷಕಿಯಾದರು. 1942ರಲ್ಲಿ ರೊಸ್ತೋವ್‌ನಲ್ಲಿ ನಾಜಿಗಳು ಅವರನ್ನು ಕೊಂದರು. ಅವರ ದಿನಚರಿ ಮತ್ತು ಪತ್ರಗಳು 1970ರ ದಶಕದಲ್ಲಿ ಜಿನೀವಾದಲ್ಲಿ ಸಿಕ್ಕಿದ ಮೇಲೆ ಅವರು ಕಂಡ ಕಥೆಯೂ ಲೋಕಕ್ಕೆ ತಿಳಿಯಿತು.

ಫ್ರಾಯ್ಡ್ ವರ್ಗಾವಣೆಯ ಪ್ರೀತಿಯ ಬಗ್ಗೆಯೇ 1915ರಲ್ಲಿ ಒಂದು ಪ್ರಬಂಧ ಬರೆದರು. ಪ್ರೀತಿ ಹೇಳಿಕೊಂಡ ರೋಗಿಗೆ ನೀತಿಬೋಧೆ ಮಾಡಬಾರದು, ಆ ಪ್ರೀತಿಗೆ ಮಣಿಯಲೂಬಾರದು. ಅದರ ಬೇರುಗಳನ್ನು ರೋಗಿಯ ಜೊತೆಗೂಡಿ ಅರಸಬೇಕು ಎಂಬುದು ಅವರ ನಿಲುವು. ಈ ಪ್ರೀತಿ ಸುಳ್ಳೆಂದು ತಳ್ಳಿಹಾಕಲು ಅವರು ಒಪ್ಪಲಿಲ್ಲ. ಎಲ್ಲ ಪ್ರೀತಿಯಲ್ಲೂ ಬಾಲ್ಯದ ಪಡಿಯಚ್ಚು ಇದ್ದೇ ಇರುತ್ತದೆ ಎಂದು ವಾದಿಸಿದರು.

ಇಪ್ಪತ್ತನೆಯ ಶತಮಾನದ ನಡುಘಟ್ಟ

ಚಿಕಿತ್ಸಕರ ಭಾವನೆ ಬರಿಯ ಅಡ್ಡಿಯಲ್ಲ, ರೋಗಿಯ ಒಳಮನಸ್ಸನ್ನು ಅರಿಯುವ ದಾರಿ ಎಂದು ಲಂಡನ್ನಿನ ಪೌಲಾ ಹೈಮನ್ 1950ರ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಜಾನ್ ಬೌಲ್ಬಿ 1969ರಿಂದ ಪ್ರಕಟಿಸಿದ ಸಂಪುಟಗಳಲ್ಲಿ ಬಾಂಧವ್ಯ ಸಿದ್ಧಾಂತವನ್ನು ಮಂಡಿಸಿದರು. ಮಗುವಿಗೆ ತಾಯಿಯ ಆಸರೆಯಿದ್ದಂತೆ ಚಿಕಿತ್ಸಕರೂ ಒಂದು ಭದ್ರ ನೆಲೆಯಾಗಬೇಕು ಎಂಬ ಅವರ ಚಿಂತನೆಯಿಂದಾಗಿ, ಚಿಕಿತ್ಸಕರನ್ನು ಹಚ್ಚಿಕೊಳ್ಳುವುದು ನಾಚಿಕೆಪಡುವ ಸಂಗತಿಯಲ್ಲ ಎಂಬ ತಿಳಿವಳಿಕೆ ಬೇರೂರಿತು.

ನೀತಿಸಂಹಿತೆ

ರೋಗಿಗಳೊಂದಿಗೆ ಲೈಂಗಿಕ ಸಂಬಂಧ ಕೂಡದೆಂಬ ಮಾತು ಪ್ರಾಚೀನ ಗ್ರೀಸಿನ ಹಿಪೊಕ್ರೆಟಿಸ್ ಪ್ರತಿಜ್ಞೆಯಲ್ಲೇ ಇದೆ. ಆದರೂ ಅಮೆರಿಕದ ಮನೋವಿಜ್ಞಾನಿಗಳ ಸಂಘ ತನ್ನ ನೀತಿಸಂಹಿತೆಯಲ್ಲಿ ಇಂಥ ಸಂಬಂಧವನ್ನು ಸ್ಪಷ್ಟವಾಗಿ ನಿಷೇಧಿಸಿದ್ದು 1977ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ನ್ಯೂಯಾರ್ಕಿನ ಮಹಿಳೆಯೊಬ್ಬರು ತಮ್ಮ ಮನೋವೈದ್ಯರ ವಿರುದ್ಧ ಇಂಥದ್ದೇ ಸಂಬಂಧಕ್ಕಾಗಿ ಹೂಡಿದ ಮೊಕದ್ದಮೆಯಲ್ಲಿ ಗೆದ್ದಿದ್ದರು. ಕೆನೆತ್ ಪೋಪ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 575 ಚಿಕಿತ್ಸಕರ ಪೈಕಿ ಶೇ 87ರಷ್ಟು ಮಂದಿ ಒಮ್ಮೆಯಾದರೂ ಚಿಕಿತ್ಸೆಗೆ ಬಂದವರತ್ತ ಆಕರ್ಷಿತರಾಗಿದ್ದಾಗಿ ಹೇಳಿದರು. ಅವರಲ್ಲಿ ಬಹುಪಾಲು ಜನರನ್ನು ಆ ಆಕರ್ಷಣೆ ಪಾಪಪ್ರಜ್ಞೆ, ಆತಂಕ, ಗೊಂದಲಕ್ಕೆ ದೂಡಿತ್ತು. ಭಾವನೆ ಹುಟ್ಟುವುದು ತಪ್ಪಲ್ಲ, ಅದರಂತೆ ವರ್ತಿಸುವುದು ತಪ್ಪು ಎಂಬ ಗೆರೆ ಇದರಿಂದ ಸ್ಪಷ್ಟವಾಯಿತು.

ಭಾರತದಲ್ಲಿ

ಗಿರೀಂದ್ರಶೇಖರ ಬೋಸ್ 1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ಇಂದಿನ ನಿಮ್ಹಾನ್ಸ್‌ನ ಪೂರ್ವರೂಪವಾದ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಎನ್. ಸಿ. ಸೂರ್ಯ ಮತ್ತು ಎಸ್. ಎಸ್. ಜಯರಾಮ್ 1964ರ ಲೇಖನದಲ್ಲಿ, ಇಲ್ಲಿನ ರೋಗಿಗಳು ಚಿಕಿತ್ಸಕರಲ್ಲಿ ಕೂಡುಕುಟುಂಬದ ಹಿರಿಯರನ್ನು ಕಾಣಬಯಸುತ್ತಾರೆ ಎಂದು ಗುರುತಿಸಿದರು. ಜೆ. ಎಸ್. ನೇಕಿ 1973ರಲ್ಲಿ ಗುರು–ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಪರಿಶೀಲಿಸಿದರು. ಹಿರಿಯರೆಂಬ ಗೌರವ, ಗುರುವೆಂಬ ಭಕ್ತಿ ಸೇರಿದ ಕಡೆ ಚಿಕಿತ್ಸಕರ ಮಾತಿಗೆ ತೂಕ ಹೆಚ್ಚು. ಅವರ ಹೊಣೆಯೂ ಅಷ್ಟೇ ಹೆಚ್ಚು.

ಇಂದಿನ ಪದ್ಧತಿಯಲ್ಲಿ ಚಿಕಿತ್ಸೆಗೆ ಬಂದವರು ತಮ್ಮ ಪ್ರೀತಿಯನ್ನು ಅಂಜದೆ ಹೇಳಿಕೊಳ್ಳಬಹುದು. ಚಿಕಿತ್ಸಕರು ಅದನ್ನು ಹೀಯಾಳಿಸದೆ ಆಲಿಸಬೇಕು. ತಮ್ಮ ಮನಸ್ಸು ಅಲುಗಿದರೆ ಅನುಭವಿ ಮಾರ್ಗದರ್ಶಕರೊಂದಿಗೆ ಚರ್ಚಿಸಬೇಕು, ಅಗತ್ಯ ಬಿದ್ದರೆ ಪ್ರಕರಣವನ್ನು ಬೇರೊಬ್ಬರಿಗೆ ಒಪ್ಪಿಸಬೇಕು. ಪ್ರೀತಿ ಹೇಳಿಕೊಂಡವರ ಮೇಲೆ ತಪ್ಪು ಹೊರಿಸುವುದು ಈ ವೃತ್ತಿಯಲ್ಲಿ ಸಲ್ಲದು.