ಸಂಶೋಧಕನ ಪೂರ್ವಗ್ರಹ: ವಿಜಯನಗರ ಸ್ಥಾಪನೆಯ ವಿವಾದದಿಂದ ಒಂದು ನಿದರ್ಶನ

ಇತಿಹಾಸಕಾರನು ಪಕ್ಷಪಾತರಹಿತನಾಗಿರಬೇಕೆಂಬ ಮಾತನ್ನು ಒಪ್ಪದವರಿಲ್ಲ. ತರಗತಿಯಲ್ಲಿ ಇತಿಹಾಸದ ಲಕ್ಷಣವನ್ನು ಬೋಧಿಸುವಾಗ ನಾವೆಲ್ಲರೂ ಈ ತತ್ತ್ವವನ್ನು ಮೊದಲೇ ಹೇಳುತ್ತೇವೆ. ಆದರೆ ತತ್ತ್ವವನ್ನು ಒಪ್ಪುವುದು ಬೇರೆ; ಅದು ನಮ್ಮ ಬರವಣಿಗೆಯಲ್ಲಿ ಎಲ್ಲಿ ಭಂಗಗೊಂಡಿದೆಯೆಂದು ಕಂಡುಕೊಳ್ಳುವುದು ಬೇರೆ. ಅನ್ಯರ ಪೂರ್ವಗ್ರಹವು ನಮಗೆ ಬೇಗನೆ ಗೋಚರವಾಗುತ್ತದೆ. ನಮ್ಮದು ಪೂರ್ವಗ್ರಹವೆಂದು ತೋರದೆ ಸರಳ ಸತ್ಯವೆಂದೇ ತೋರುತ್ತದೆ. ಅದನ್ನು ಗುರುತಿಸುವ ಉಪಾಯವೇನಾದರೂ ಉಂಟೆ ಎಂಬುದನ್ನು, ಕನ್ನಡಿಗರಿಗೆ ನಿಕಟವಾದ ಒಂದು ವಿವಾದದ ಮೂಲಕ ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ವಿವೇಚನೆ ಅವಶ್ಯಕ. ಪೂರ್ವಗ್ರಹವೆಂದರೆ ಸುಳ್ಳು ಹೇಳುವುದಲ್ಲ. ಪ್ರಾಮಾಣಿಕನೂ ವಿದ್ವಾಂಸನೂ ಆದವನಲ್ಲಿಯೇ ಅದು ಹೆಚ್ಚು ಭದ್ರವಾಗಿ ನೆಲೆಸಬಲ್ಲದು. ಫ್ರಾನ್ಸಿಸ್ ಬೇಕನ್ನನು ೧೬೨೦ರಲ್ಲಿ ಪ್ರಕಟಿಸಿದ ತನ್ನ 'ನೋವಮ್ ಆರ್ಗನಮ್' ಗ್ರಂಥದಲ್ಲಿ ಒಂದು ಹಳೆಯ ಕಥೆಯನ್ನು ನೆನೆದಿದ್ದಾನೆ. ಹರಕೆ ಹೊತ್ತು ಹಡಗಿನ ಅಪಘಾತದಿಂದ ಪಾರಾದವರ ಚಿತ್ರಗಳನ್ನು ದೇವಾಲಯದಲ್ಲಿ ತೋರಿಸಿ, ಈಗಲಾದರೂ ದೇವತೆಗಳ ಶಕ್ತಿಯನ್ನು ಒಪ್ಪುವೆಯಾ ಎಂದು ಒಬ್ಬನನ್ನು ಕೇಳಿದರಂತೆ. ಹರಕೆ ಹೊತ್ತೂ ಮುಳುಗಿಹೋದವರ ಚಿತ್ರಗಳೆಲ್ಲಿ ಎಂದು ಅವನು ಮರುಪ್ರಶ್ನೆ ಹಾಕಿದನು. ಅಲ್ಲಿದ್ದ ಚಿತ್ರಗಳು ಸುಳ್ಳಾಗಿರಬೇಕಾಗಿಲ್ಲ, ದೋಷವಿದ್ದುದು ಆಯ್ಕೆಯಲ್ಲಿ.

ಈಗ ವಿಜಯನಗರದ ವಿಷಯಕ್ಕೆ ಬರೋಣ. ರಾಬರ್ಟ್ ಸೀವೆಲ್ಲನು ೧೯೦೦ರಲ್ಲಿ ಈ ಸಾಮ್ರಾಜ್ಯದ ಚರಿತ್ರೆಯನ್ನು ಪ್ರಕಟಿಸಿದಾಗ, ಅದರ ಸ್ಥಾಪನೆಯನ್ನು ಕುರಿತ ಹಲವು ಐತಿಹ್ಯಗಳನ್ನು ಒಟ್ಟಿಗೆ ಕೊಟ್ಟನು. ಮುಂದೆ ವಿದ್ವಾಂಸರು ಮುಖ್ಯವಾಗಿ ಎರಡು ಪಕ್ಷಗಳಾದರು. ಹರಿಹರ ಬುಕ್ಕರು ಓರಂಗಲ್ಲಿನ ಕಾಕತೀಯ ಪ್ರತಾಪರುದ್ರನ ಆಶ್ರಯದಲ್ಲಿದ್ದವರು, ೧೩೨೩ರಲ್ಲಿ ಆ ರಾಜ್ಯವು ಬಿದ್ದಮೇಲೆ ಕಂಪಿಲಿಗೆ ಬಂದವರು ಎಂಬುದು ಒಂದು ಪಕ್ಷ. ೧೯೩೩ರಲ್ಲಿ ಎನ್. ವೆಂಕಟರಮಣಯ್ಯನವರು ತೆಲುಗು ಮೂಲವನ್ನು ವಿಸ್ತಾರವಾಗಿ ಸಮರ್ಥಿಸಿದರು. ಅವರು ಹೊಯ್ಸಳರಿಗೆ ಅಧೀನರಾಗಿದ್ದ ಕನ್ನಡ ನಾಯಕರು, ಮೂರನೆಯ ಬಲ್ಲಾಳನು ಮಧುರೆಯ ಸುಲ್ತಾನರೊಡನೆ ಹೋರಾಡಿ ೧೩೪೨-೪೩ರ ಸುಮಾರಿಗೆ ಮಡಿದ ತರುವಾಯ ಅವನ ನಾಡಿಗೆ ವಾರಸುದಾರರಾದವರು ಎಂಬುದು ಇನ್ನೊಂದು ಪಕ್ಷ. ೧೯೩೪ರಲ್ಲಿ ಭಾಸ್ಕರ ಆನಂದ ಸಾಲೆತ್ತೂರರ ಗ್ರಂಥವು ಕರ್ನಾಟಕ ಮೂಲದ ಪರವಾಗಿ ವಾದಿಸಿತು.

ಎರಡು ಪಕ್ಷಗಳಿಗೂ ಆಧಾರಗಳುಂಟು. ಆದರೆ ಗಮನಿಸಬೇಕಾದುದು ಆಧಾರಗಳನ್ನು ತೂಗಿದ ಬಗೆ. ದೆಹಲಿಯ ಚರಿತ್ರಕಾರ ಬರನಿಯು, ಸುಲ್ತಾನನು ಕಂಪಿಲಿಗೆ ಕಳುಹಿಸಿದ ಒಬ್ಬನು ಮತವನ್ನು ತೊರೆದು ದಂಗೆಯೆದ್ದನೆಂದು ಬರೆದಿದ್ದಾನೆ. ಅವನ ಹೆಸರನ್ನು ಹೇಳಿಲ್ಲ. ತೆಲುಗು ಮೂಲವಾದಿಗಳಿಗೆ ಅವನು ಹರಿಹರನೆಂಬುದು ಸ್ಪಷ್ಟ. ಕನ್ನಡ ಮೂಲವಾದಿಗಳಿಗೆ ಹೆಸರಿಲ್ಲದ ಸಾಕ್ಷ್ಯವು ಸಾಕ್ಷ್ಯವೇ ಅಲ್ಲ. ಬಾದಾಮಿಯ ೧೩೩೯-೪೦ರ ಶಾಸನದಲ್ಲಿ ಹರಿಹರನಿಗೆ ಮಹಾಮಂಡಲೇಶ್ವರ ಎಂಬ ಪದವಿಯಿದೆ. ಕನ್ನಡ ಮೂಲವಾದಿಗಳು ಅದರಲ್ಲಿ ಹೊಯ್ಸಳ ಸಾಮಂತನನ್ನು ಕಂಡರು. ಆದರೆ ಯಾರ ಸಾಮಂತನೆಂಬುದನ್ನು ಆ ಪದವಿಯು ತಾನಾಗಿ ಹೇಳುವುದಿಲ್ಲ. ಪ್ರತಿಯೊಂದು ಪಕ್ಷವೂ ಎದುರು ಪಕ್ಷದ ಆಧಾರದಲ್ಲಿದ್ದ ಬಿರುಕನ್ನು ಸರಿಯಾಗಿಯೇ ತೋರಿಸಿಕೊಟ್ಟಿತು. ಅಂಥದೇ ಬಿರುಕು ತನ್ನ ಆಧಾರದಲ್ಲಿದ್ದಾಗ ಅದನ್ನು ಊಹೆಯಿಂದ ಮುಚ್ಚಿತು.

ಇದಕ್ಕಿಂತಲೂ ಬೋಧಪ್ರದವಾದ ಸಂಗತಿಯೊಂದಿದೆ. ಓರಂಗಲ್ಲಿನ ಕಥೆಯನ್ನು ನಿರಾಕರಿಸುವಾಗ ನಮ್ಮಲ್ಲಿ ಸಾಮಾನ್ಯವಾಗಿ ಹೇಳುವ ಕಾರಣವೆಂದರೆ, ಅದು ಬಹಳ ಕಾಲದ ಮೇಲೆ ಹುಟ್ಟಿದ ಗ್ರಂಥಗಳಲ್ಲಿ ಬರುತ್ತದೆಯೆಂಬುದು. ಕಾರಣವು ಬಲವಾದುದೇ. ಆದರೆ ವಿದ್ಯಾರಣ್ಯರು ಈ ರಾಜ್ಯವನ್ನು ಸ್ಥಾಪಿಸಿದರೆಂಬ ವೃತ್ತಾಂತವೂ ಬಹುಮಟ್ಟಿಗೆ ಅಂಥ ಗ್ರಂಥಗಳಿಂದಲೇ ಬಂದಿದೆ. ೧೩೩೬ರ ಕಾಲವನ್ನು ಹೊತ್ತು ಅದನ್ನು ಹೇಳುವ ತಾಮ್ರಪಟಗಳು ಈಚಿನ ಸೃಷ್ಟಿಯೆಂದು ಅನೇಕ ಶಾಸನಜ್ಞರ ಮತ. ೧೩೪೬ರ ಶೃಂಗೇರಿ ಶಾಸನದಲ್ಲಿ ಹರಿಹರನೂ ಅವನ ಸೋದರರೂ ದತ್ತಿಕೊಟ್ಟುದು ಭಾರತೀತೀರ್ಥರಿಗೆ. ಗ್ರಂಥದ ಒಂದು ಪುಟವನ್ನು ಕಾಲದೋಷದಿಂದ ತಳ್ಳಿ, ಅದರ ಮರುಪುಟವನ್ನು ಶ್ರದ್ಧೆಯಿಂದ ಉದ್ಧರಿಸುವುದು ನ್ಯಾಯವಲ್ಲ. ಎರಡನ್ನೂ ಬಿಡಬಹುದು, ಅಥವಾ ಎರಡನ್ನೂ ಪರೀಕ್ಷೆಗೆ ಗುರಿಮಾಡಬಹುದು.

ಈ ವಾದವು ಆ ದಶಕಗಳಲ್ಲಿಯೇ ಏಕೆ ತೀವ್ರವಾಯಿತೆಂಬುದೂ ವಿಚಾರಾರ್ಹ. ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ'ವು ೧೯೧೭ರಲ್ಲಿ ಹೊರಬಂದಿತ್ತು. ಆಂಧ್ರದಲ್ಲಿಯೂ ಪ್ರತ್ಯೇಕ ಪ್ರಾಂತದ ಚಳುವಳಿ ಬೆಳೆದಿತ್ತು. ಹಂಪೆಯಿದ್ದ ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದು, ಅಲ್ಲಿ ಎರಡು ಭಾಷೆಯವರೂ ನೆಲೆಸಿದ್ದರು. ೧೯೫೩ರ ಅಕ್ಟೋಬರ್ ೧ರಂದು ಅದನ್ನು ಆಂಧ್ರ ಮತ್ತು ಮೈಸೂರುಗಳ ನಡುವೆ ಹಂಚಲಾಯಿತು. ಹೀಗೆ ಹದಿನಾಲ್ಕನೆಯ ಶತಮಾನದ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಗಡಿಯ ನೆರಳು ಬಿದ್ದಿತು. ಆದರೆ ಲೇಖಕನ ಮಾತೃಭಾಷೆಯನ್ನು ತಿಳಿದಮಾತ್ರಕ್ಕೆ ಅವನ ವಾದವನ್ನು ತಳ್ಳಿಹಾಕುವುದು ಇನ್ನೊಂದು ಪೂರ್ವಗ್ರಹವಾಗುತ್ತದೆ. ೧೯೨೯ರಲ್ಲಿ ಹೊಯ್ಸಳ ಸಂಬಂಧವನ್ನು ಎತ್ತಿಹಿಡಿದ ಫಾದರ್ ಹೆನ್ರಿ ಹೆರಾಸ್ ಸ್ಪೇನ್ ದೇಶದವರು. ವಾದವನ್ನು ಅಳೆಯಬೇಕಾದುದು ಆಧಾರದಿಂದಲೇ ಹೊರತು ವಾದಿಯ ಹುಟ್ಟಿನಿಂದಲ್ಲ.

ಪೂರ್ವಗ್ರಹವು ಉತ್ತರದಲ್ಲಿ ಮಾತ್ರವಲ್ಲ, ಪ್ರಶ್ನೆಯಲ್ಲಿಯೂ ಅಡಗಿರುತ್ತದೆ. "ಕನ್ನಡಿಗರೋ ತೆಲುಗರೋ" ಎಂದು ಕೇಳಿದಾಗ, ಒಬ್ಬನು ಯಾವುದಾದರೂ ಒಂದೇ ಆಗಿರಬೇಕೆಂದು ನಾವು ಮೊದಲೇ ನಿರ್ಧರಿಸಿರುತ್ತೇವೆ. ಕೃಷ್ಣದೇವರಾಯನ ವಂಶದ ಹೆಸರು ತುಳುವ. ಅವನ 'ಆಮುಕ್ತಮಾಲ್ಯದ'ವು ತೆಲುಗು ಕಾವ್ಯ. ಅದರ ಪೀಠಿಕೆಯಲ್ಲಿ ತೆಲುಗಿನ ದೊರೆಯೆಂದು ಹೇಳಿಕೊಳ್ಳುವ ದೇವರು ಅವನನ್ನು ಕನ್ನಡದ ರಾಯನೆಂದು ಸಂಬೋಧಿಸುತ್ತಾನೆ. ಒಂದೇ ಸ್ಥಳದಲ್ಲಿರುವ ಎರಡು ಮಾತುಗಳಲ್ಲಿ ತನಗೆ ಬೇಕಾದುದನ್ನು ಮಾತ್ರ ಎತ್ತಿಕೊಳ್ಳುವವನು ಕವಿಗೆ ಅಡಚಣೆಯೆನಿಸದಿದ್ದುದನ್ನು ತಾನು ಅಡಚಣೆಯಾಗಿ ಮಾಡಿಕೊಳ್ಳುತ್ತಾನೆ.

ನಿತ್ಯಜೀವನದಲ್ಲಿ ಈ ದೌರ್ಬಲ್ಯವನ್ನು ನಾವು ಅರಿಯದವರಲ್ಲ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ವಿದ್ಯಾರ್ಥಿಯ ಹೆಸರನ್ನು ಮರೆಮಾಡಿ ಸಂಖ್ಯೆಯನ್ನು ಇಡುವುದು ಏತಕ್ಕೆ? ಮೌಲ್ಯಮಾಪಕನು ಅಪ್ರಾಮಾಣಿಕನೆಂದಲ್ಲ, ಹೆಸರು ಕಂಡಾಗ ಅವನಿಗೆ ತಿಳಿಯದಂತೆಯೇ ಅಂಕ ಜಾರಬಹುದೆಂದು. ಈ ವ್ಯವಸ್ಥೆಯನ್ನು ಯಾವ ಅಧ್ಯಾಪಕನೂ ಅವಮಾನವೆಂದು ಭಾವಿಸುವುದಿಲ್ಲ. ಸಂಶೋಧನೆಯಲ್ಲಿ ಹೆಸರನ್ನು ಮುಚ್ಚಿಕೊಡುವವರು ಇಲ್ಲದಿರುವುದರಿಂದ, ಆ ಕೆಲಸವನ್ನು ಸಂಶೋಧಕನು ತಾನೇ ಮಾಡಿಕೊಳ್ಳಬೇಕಾಗುತ್ತದೆ.

ಅದಕ್ಕೆ ಮೂರು ಉಪಾಯಗಳನ್ನು ಸೂಚಿಸಬಹುದು. ಮೊದಲನೆಯದು, ಪಕ್ಷಗಳ ಹೆಸರನ್ನು ಅದಲುಬದಲು ಮಾಡಿ ನೋಡುವುದು: ಇದೇ ಬಗೆಯ ಆಧಾರವು ಎದುರು ಪಕ್ಷಕ್ಕೆ ಅನುಕೂಲವಾಗಿದ್ದರೆ ಇಷ್ಟೇ ಸುಲಭವಾಗಿ ಒಪ್ಪುತ್ತಿದ್ದೆನೆ? ಎರಡನೆಯದು, ಪ್ರತಿಕೂಲವಾದ ಸಂಗತಿಯನ್ನು ಕಂಡ ಕೂಡಲೆ ಬರೆದಿಡುವುದು. ಅಂಥವು ಅನುಕೂಲವಾದವುಗಳಿಗಿಂತ ಬೇಗ ಮರೆತುಹೋಗುತ್ತವೆಂದು ಡಾರ್ವಿನ್ನನು ಈ ನಿಯಮವನ್ನು ಹಲವು ವರ್ಷ ಪಾಲಿಸಿದುದಾಗಿ ಆತ್ಮಕಥೆಯಲ್ಲಿ ಹೇಳಿದ್ದಾನೆ. ಮೂರನೆಯದು, ಆಧಾರಗಳನ್ನು ವಾದಕ್ಕೆ ತಕ್ಕಂತೆ ಜೋಡಿಸದೆ ಕಾಲಾನುಕ್ರಮದಲ್ಲಿ ಜೋಡಿಸುವುದು. ವಸುಂಧರಾ ಫಿಲಿಯೋಜಾ ಅವರು ೧೯೭೩ರಲ್ಲಿ ೧೩೭೭ರವರೆಗಿನ ವಿಜಯನಗರ ಶಾಸನಗಳನ್ನು ಒಟ್ಟಿಗೆ ಅಭ್ಯಾಸಮಾಡಿದುದೂ, ೧೯೮೫ರಲ್ಲಿ ಹರ್ಮನ್ ಕುಲ್ಕೆಯವರು ವಿದ್ಯಾರಣ್ಯರ ಐತಿಹ್ಯವು ಬೆಳೆದ ಬಗೆಯನ್ನು ಪರಿಶೀಲಿಸಿದುದೂ ಈ ಮಾರ್ಗದ ಪ್ರಯೋಜನವನ್ನು ತೋರಿಸುತ್ತವೆ.

ಇಷ್ಟೆಲ್ಲ ಮಾಡಿದಮೇಲೂ ನಮ್ಮ ನಿರ್ಣಯವು ಮೊದಲಿನದೇ ಆಗಿ ಉಳಿಯಬಹುದು, ಅದರಲ್ಲಿ ದೋಷವಿಲ್ಲ. ಸಂಗಮ ಸೋದರರು ಕನ್ನಡಿಗರೆಂದು ನಂಬುವವನು ಆ ನಂಬಿಕೆಯನ್ನು ಬಿಡಬೇಕಾಗಿಲ್ಲ. ಆದರೆ ತನ್ನ ಆಧಾರದ ಬಿರುಕೆಲ್ಲಿದೆಯೆಂಬುದನ್ನು ಎದುರಾಳಿಗಿಂತ ಮೊದಲು ಅವನೇ ಹೇಳಬಲ್ಲವನಾಗಿರಬೇಕು. ನಾಡಿನ ಅಭಿಮಾನಕ್ಕೆ ಇದರಿಂದ ಕುಂದಿಲ್ಲ. ವಿದ್ಯಾರ್ಥಿಗಳಿಗೆ ನಾವು ಕಲಿಸಬೇಕಾದ ಇತಿಹಾಸವೂ ಇಲ್ಲಿಂದಲೇ ಮೊದಲಾಗುತ್ತದೆ.