ಸತೀಹಿತೈಷಿಣಿಯ ಸಾಮ್ರಾಜ್ಯ

1894ರ ಡಿಸೆಂಬರಿನಲ್ಲಿ ಹತ್ತನೆಯ ಚಾಮರಾಜ ಒಡೆಯರು ದೂರದ ಕಲ್ಕತ್ತೆಯಲ್ಲಿ ಅಕಾಲಮರಣಕ್ಕೀಡಾದಾಗ, ಮೈಸೂರಿನ ಯುವರಾಜನಿಗಿನ್ನೂ ಹತ್ತು ವರ್ಷ. ರಾಜ್ಯಭಾರವು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರ ಹೆಗಲೇರಿತು. 1902ರವರೆಗೆ ಆಕೆ ರೀಜೆಂಟರಾಗಿ ನಾಡನ್ನಾಳಿದರು. ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟೆಯ ಕಾರ್ಯ ಮೊದಲಾದದ್ದೂ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದದ್ದೂ ಆ ಆಳ್ವಿಕೆಯಲ್ಲೇ. ಅದೇ ಆಳ್ವಿಕೆಯಲ್ಲಿ, ಕಪಿಲೆಯ ದಡದ ನಂಜನಗೂಡಿನಲ್ಲಿ, 1887ರಲ್ಲಿ ಹುಟ್ಟಿದ ಬಾಲೆಯೊಬ್ಬಳು ಹತ್ತಕ್ಕೆ ವಧುವಾಗಿ ಹದಿನಾಲ್ಕಕ್ಕೆ ವಿಧವೆಯಾದಳು. ವೈಧವ್ಯ ಅರಮನೆಯಲ್ಲಿ ರಾಜದಂಡವನ್ನು ಕೈಗಿತ್ತಿತು. ಅಗ್ರಹಾರದಲ್ಲಿ ಬಾಗಿಲು ಮುಚ್ಚಿತು.

ಮುಚ್ಚಿದ ಬಾಗಿಲ ಹಿಂದೆಯೇ ಆ ಬಾಲೆ, ತಿರುಮಲಾಂಬಾ, ತಮ್ಮ ರಾಜ್ಯವನ್ನು ಕಟ್ಟಿದರು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ, 1913ರಲ್ಲಿ, ‘ಸತೀಹಿತೈಷಿಣೀ’ ಗ್ರಂಥಮಾಲೆ ಹೊರಟಿತು. ‘ಸುಶೀಲೆ’ ಕಾದಂಬರಿ ಅಚ್ಚಾಯಿತು, ‘ನಭಾ’, ‘ವಿರಾಗಿಣಿ’ ಹಿಂಬಾಲಿಸಿದವು. 1917ರಲ್ಲಿ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆ ಬಂತು. ಆಕೆಯ ನಾಯಿಕೆಯರು ದಂಗೆಯೇಳುವವರಲ್ಲ, ಪಾತಿವ್ರತ್ಯದ ಆದರ್ಶದೊಳಗೇ ನಿಂತವರು. ಇಂದಿನ ಓದುಗನಿಗೆ ಅದು ಸಂಕೋಚ ತರಬಹುದು, ತರಲಿ. ಬರೆಯುವುದು, ಅಚ್ಚು ಹಾಕಿಸುವುದು, ಮಾರುವುದು, ಪತ್ರಿಕೆ ನಡೆಸುವುದು ಎಲ್ಲವೂ ಒಬ್ಬಳೇ ವಿಧವೆಯ ಅಧೀನದಲ್ಲಿದ್ದವು ಎಂಬುದರ ಮುಂದೆ ಆ ಸಂಕೋಚ ಅಲ್ಪ. ಆಫ್ರಿಕಾದ ನೈಜೀರಿಯಾದಲ್ಲಿ ಕಾದಂಬರಿಗಾರ್ತಿ ಫ್ಲೋರಾ ನ್ವಾಪಾ, ವ್ಯಾಪಾರದಿಂದ ಊರಿನ ಮನ್ನಣೆ ಗಳಿಸುವ ‘ಎಫುರು’ವನ್ನು ಸೃಷ್ಟಿಸಿದ್ದು 1966ರಲ್ಲಿ; ಮುಂದೆ ಆಕೆಯೂ ಸ್ವಂತ ಪ್ರಕಾಶನ ತೆರೆದಳು. ಕಥೆಯ ಹೆಣ್ಣನ್ನು ಮೀರಿ ಕಥೆಗಾರ್ತಿಯೇ ನಾಯಕಿಯಾಗುವ ಈ ವೈಭವವನ್ನು ಕನ್ನಡ ಅರ್ಧ ಶತಮಾನ ಮೊದಲೇ ಕಂಡಿತ್ತು.

ಆದರೆ ಎಲ್ಲ ಸಾಮ್ರಾಜ್ಯಗಳಂತೆ ಇದಕ್ಕೂ ಅಸ್ತಮಾನ ಒದಗಿತು. ನವೋದಯದ ಅಭಿರುಚಿ ಬೇರೆ ದಾರಿ ಹಿಡಿಯಿತು. ಪತ್ರಿಕೆ ನಿಂತಿತು, ಲೇಖನಿ ಮೌನವಾಯಿತು, ಆಕೆ ಮದರಾಸಿಗೆ ಸರಿದರು. ನಾಡು ದಶಕಗಳ ಕಾಲ ಆಕೆಯನ್ನು ಮರೆತೇ ಬಿಟ್ಟಿತು. ಇದು ನಮ್ಮ ಸಾಹಿತ್ಯ ವಂಶಾವಳಿಯ ಕಳಂಕ. ಕೊನೆಗೆ ಅರಸಿಕೊಂಡು ಹೋದವರು ಬೆಂಗಳೂರು ಜಯನಗರದ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲೆ ಚಿ.ನ. ಮಂಗಳಾ. ಅವರು ಭೇಟಿಯಾದಾಗ ತಿರುಮಲಾಂಬಾ ತೊಂಬತ್ತು ದಾಟಿದ ವೃದ್ಧೆ, 1982ರಲ್ಲಿ ಕಾಲವಾದರು. ಮಂಗಳಾ ಅವರು ಆ ಕಾಲೇಜಿನಲ್ಲಿ ಸ್ಥಾಪಿಸಿದ ‘ಶಾಶ್ವತಿ’ ಸಂಸ್ಥೆ ನಂಜನಗೂಡು ತಿರುಮಲಾಂಬಾ ಪ್ರಶಸ್ತಿಯನ್ನು ಲೇಖಕಿಯರಿಗೆ ನೀಡುತ್ತ ಬಂತು. ಪ್ರಶಸ್ತಿಯಿಂದ ಹೆಸರು ಉಳಿಯಿತು. ಗ್ರಂಥಗಳು ಉಳಿಯಬೇಕಾದರೆ ‘ಸುಶೀಲೆ’ಯನ್ನು ತೆರೆದು ಓದುವ ಹೊಣೆ ನಮ್ಮದು.